ಅಮ್ಮನ ಕಡೆ ಗ್ಲಾಸು

ನಮ್ಮನೆ ಕಾರಲ್ಲಿ ಡ್ರೈವರ್ ಪಕ್ಕದ ಸೀಟು ಅಮ್ಮಂದು. 2007ರಲ್ಲಿ ಅಪ್ಪ ಕಾರು ತಗೊಂಡ ದಿನದಿಂದ ಇವತ್ತಿನ ತನಕ ಅಮ್ಮ ಇದ್ದಾಗ ಆ ಸೀಟಲ್ಲಿ ಬೇರೆ ಯಾರೂ ಕೂತಿಲ್ಲ, ನೆಂಟರು ಬಂದ್ರೂ ಅವರು ಹಿಂದೆ. ಅಮ್ಮಂಗೆ ಘಾಟಿ ರಸ್ತೆ ಆಗಿಬರಲ್ಲ. ನಾಲ್ಕು ತಿರುವು ದಾಟೋದ್ರೊಳಗೆ ಹೊಟ್ಟೆ ತೊಳಸೋಕೆ ಶುರು ಆಗತ್ತೆ, ಒಂದು ಕೈಲಿ ನಿಂಬೆಹಣ್ಣು ಹಿಡ್ಕೊಂಡು ಮೂಸ್ತಾ, ಗ್ಲಾಸು ಇಳಿಸಿ ಮುಖಕ್ಕೆ ಗಾಳಿ ಬಡಿಯೋ ಹಾಗೆ ಕೂತ್ರೆ ಮಾತ್ರ ಘಾಟಿ ಇಳಿಯೋ ತನಕ ತಡ್ಕೋತಾಳೆ. ಏಸಿ ಹಾಕಿದ್ರೆ ಇನ್ನೂ ಜಾಸ್ತಿ. ಹಾಗಾಗಿ ಈ ಕಾರಲ್ಲಿ ಉಳಿದ ಗ್ಲಾಸುಗಳು ಏನಾದ್ರೂ ಆಗ್ಲಿ, ಎಡಗಡೆ ಮುಂದಿನ ಗ್ಲಾಸು ಮಾತ್ರ ಸರಿ ಇರ್ಲೇಬೇಕು. 2024ರ ಮಳೆಗಾಲದಲ್ಲಿ ಕೆಟ್ಟಿದ್ದು ಅದೇ.

ಸೂಚನೆ ಮೇ ತಿಂಗಳಲ್ಲೇ ಸಿಕ್ಕಿತ್ತು. ಅಮ್ಮನ ಬಾಗಿಲಿನ ಸ್ವಿಚ್ಚಲ್ಲಿ ಗ್ಲಾಸು ಏರ್ತಿತ್ತು, ಇಳೀತಿರ್ಲಿಲ್ಲ. ನನ್ನ ಕಡೆ ಇರೋ ಮೇನ್ ಸ್ವಿಚ್ಚಿಂದ ಒತ್ತಿದ್ರೆ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಆದ್ರೆ ಯಾವಾಗ್ಲೂ ಹಾಗಲ್ಲ, ಒಂದೊಂದು ದಿನ ಏನೂ ಆಗೇ ಇಲ್ಲ ಅನ್ನೋ ಹಾಗೆ ಎಲ್ಲಾ ಸರಿಯಾಗಿ ಕೆಲಸ ಮಾಡ್ತಿತ್ತು. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿರೋದು, ವಾರಕ್ಕೊಂದ್ಸಲ ಮಂಡಗದ್ದೆ ಮೇಲೆ ತೀರ್ಥಹಳ್ಳಿ ದಾಟಿ ಊರಿಗೆ ಬರ್ತೀನಿ, ಬಂದಾಗ ಅಮ್ಮ ಹೇಳ್ತಿದ್ಲು, ನಾನು ಒತ್ತಿ ನೋಡ್ತಿದ್ದೆ, ಆ ಹೊತ್ತಿಗೆ ಸರಿ ಇರ್ತಿತ್ತು, ಮುಂದಿನ ವಾರ ನೋಡೋಣ ಅಂತ ಬಿಡ್ತಿದ್ದೆ. ಒಂದು ಸಲ ಗ್ಯಾರೇಜಿಗೂ ತಗೊಂಡು ಹೋದೆ. ಅವರು ಬಾಗಿಲು ತೆಗ್ದು ನಾಲ್ಕೈದು ಸಲ ಒತ್ತಿ, ಸದ್ಯಕ್ಕೆ ಓಡ್ತಿದೆ ಸಾರ್, ಆದ್ರೆ ಮೋಟರ್ ವೀಕ್ ಆಗಿದೆ, ಇವತ್ತಲ್ಲ ನಾಳೆ ಕೈ ಕೊಡತ್ತೆ, ಗ್ಲಾಸು ಎತ್ತಿಳಿಸೋ ಮೆಷಿನ್ ಸಮೇತ ಹೊಸದು ಹಾಕ್ಬಿಡಿ, ನಾಲ್ಕೂವರೆ ಸಾವಿರ ಆಗತ್ತೆ ಅಂದ್ರು. ಹದಿನೇಳು ವರ್ಷದ ಕಾರು, ಮೋಟರ್ ಹೋಗಿರ್ಬಹುದು ಅಂತ ನಂಗೂ ಅನ್ನಿಸ್ತು, ಮಳೆಗಾಲ ಮುಗೀಲಿ ಹಾಕ್ಸೋಣ ಅಂದ್ಕೊಂಡೆ.

ಅಮ್ಮ ಆಗ್ಲೇ ಒಂದು ಮಾತು ಹೇಳಿದ್ಲು. "ಉಣಗೋಲು ತೆಗ್ಯೋಕೆ ಇಳೀತೀನಲ, ಆವಾಗ ಒತ್ತಿದ್ರೆ ಆಗ್ತದೆ ಕಣೋ. ಕೂತ್ಮೇಲೆ ಆಗದಿಲ್ಲ." ಉಣಗೋಲು ಅಂದ್ರೆ ನಮ್ಮನೆ ದಾರೀಲಿ ದನ ತಡೆಯೋಕೆ ಅಡ್ಡ ಹಾಕಿರೋ ಗಳ. ನಾನು ಹೂಂ ಅಂದೆ, ಅಷ್ಟೇ.

ಜುಲೈ ತಿಂಗಳು, ಪುನರ್ವಸು ಮಳೆ ಹಿಡಿದಿತ್ತು. ಅಮ್ಮನ ಕಣ್ಣು ತೋರ್ಸೋಕೆ ಮಣಿಪಾಲಕ್ಕೆ ಹೊರಟ್ವಿ. ನಮ್ಮ ಕಡೆಯವರಿಗೆ ಮಣಿಪಾಲ ಅಂದ್ರೆ ಆಗುಂಬೆ ಇಳೀಲೇಬೇಕು, ಹದಿನಾಲ್ಕು ತಿರುವು, ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಸುರಿಯೋ ಜಾಗ, ಜುಲೈಯಲ್ಲಿ ಅಲ್ಲಿ ಹೆಡ್‌ಲೈಟ್ ಹಾಕದೆ ಹಗಲಲ್ಲೂ ಇಳಿಯಕಾಗಲ್ಲ. ಆಗುಂಬೆ ಪೇಟೇಲಿ ಟೀ ಕುಡ್ದು ಅಮ್ಮ ಕಾರು ಹತ್ತೋವಾಗ ಬಾಗಿಲು ಹಾಕೋ ಮುಂಚೆನೇ ಗ್ಲಾಸು ಅರ್ಧ ಇಳಿಸ್ಕೊಂಡ್ಲು, ಮಳೆ ಆ ಹೊತ್ತಿಗೆ ಸಣ್ಣ ಆಗಿತ್ತು. ಎರಡನೇ ತಿರುವಿಗೆ ಬರೋದ್ರೊಳಗೆ ಮಳೆ ಮತ್ತೆ ಜೋರಾಯ್ತು ಅಂದ್ರೆ ಅದು ಮಳೆ ಅಲ್ಲ, ಕೊಡಪಾನದಲ್ಲಿ ಎತ್ತಿ ಹುಯ್ದ ಹಾಗೆ, ಅದೂ ಎಡಗಡೆಯಿಂದ್ಲೇ ಬಡೀತಿತ್ತು. ಅಮ್ಮ ಸ್ವಿಚ್ ಒತ್ತಿದ್ಲು, ಬರ್ಲಿಲ್ಲ. ನಾನು ಒತ್ತಿದೆ, ಬರ್ಲಿಲ್ಲ. ಮೇಲೆ ಹೋಗೋದೂ ನಿಂತಿತ್ತು ಆವತ್ತು.

ಎರಡು ಅಂಗೈ ಒಳಗೂ ಹೊರಗೂ ಇಟ್ಟು ಗ್ಲಾಸು ಎತ್ತಿದ್ರೆ ಬರತ್ತೆ ಅಂತ ಎಷ್ಟೋ ಜನ ಹೇಳ್ತಾರಲ್ಲ, ಅದು ಮೋಟರ್ ತಿರುಗ್ತಾ ಇದ್ದು ಗ್ಲಾಸಿನ ಅಂಚಿಗಿರೋ ರಬ್ಬರ್ ಬೀಡಿಂಗ್ ಬಿಗಿಯಾದಾಗ ಮಾತ್ರ ಉಪಯೋಗಕ್ಕೆ ಬರೋ ಉಪಾಯ. ಮೋಟರ್ ತಿರುಗದೇ ಇದ್ರೆ ಬರಲ್ಲ, ಯಾಕಂದ್ರೆ ಒಳಗಿರೋ ಗೇರು ಸ್ಕ್ರೂ ಥರದ್ದು, ಮೋಟರ್ ಗೇರನ್ನ ತಿರುಗಿಸ್ಬಹುದು ಆದ್ರೆ ಗೇರು ಮೋಟರನ್ನ ತಿರುಗಿಸಕಾಗಲ್ಲ. ಹಾಗಿರೋದ್ರಿಂದ್ಲೇ ಗ್ಲಾಸು ನಡುವೆ ನಿಲ್ಲಿಸಿದ್ರೂ ತಾನಾಗೇ ಜಾರಲ್ಲ, ಹೊರಗಿಂದ ಕೈಯಲ್ಲಿ ಒತ್ತಿ ಇಳಿಸೋಕೂ ಆಗಲ್ಲ. ಆವತ್ತು ಆ ಗುಣನೇ ನಮಗೆ ಕಷ್ಟ ಆಯ್ತು. ಘಾಟಿ ತಿರುವಲ್ಲಿ ನಿಲ್ಲಿಸೋ ಹಾಗಿಲ್ಲ, ಹಿಂದೆ ಸಾಲಾಗಿ ವಾಹನ. ಅಮ್ಮ ಕಾಲ ಹತ್ರ ಇದ್ದ ಕೊಡೆ ತಗೊಂಡು ಕಾರೊಳಗೇ ಅರ್ಧ ಬಿಚ್ಚಿ ಕಿಟಕಿಗೆ ಅಡ್ಡ ಹಿಡ್ದು ಕೂತ್ಲು. ಕೊಡೆ ಕಡ್ಡಿ ಸಂದಿಯಿಂದ ನೀರು ಅವಳ ಮಡಿಲಿಗೆ ಸುರೀತಿತ್ತು, ಆಸ್ಪತ್ರೆ ಫೈಲು ನೆನೀಬಾರ್ದು ಅಂತ ಅದನ್ನ ಹಿಂದಿನ ಸೀಟಿಗೆ ಎಸೆದ್ಲು. ಹೊಟ್ಟೆ ತೊಳಸ್ತಿತ್ತೋ ಏನೋ, ಒಂದು ಮಾತೂ ಆಡ್ಲಿಲ್ಲ. ಸೋಮೇಶ್ವರ ಬರೋ ತನಕ ನಾನು ಎಡಕ್ಕೆ ತಿರುಗಿ ನೋಡೋ ಧೈರ್ಯ ಮಾಡ್ಲಿಲ್ಲ.

ಹೆಬ್ರಿಯಲ್ಲಿ ಒಂದು ಅಂಗಡಿ ಮುಂದೆ ನಿಲ್ಲಿಸ್ದೆ. ಅಮ್ಮ ಬಾಗಿಲು ತೆಗ್ದು, ಸೆರಗು ಹಿಂಡ್ಕೊಂಡು, ಇಳೀತಾ ಸುಮ್ನೆ ಸ್ವಿಚ್ ಒತ್ತಿದ್ಲು. ಗ್ಲಾಸು ಸರ್ರ್ ಅಂತ ಮೇಲೆ ಹೋಗಿ ಮುಚ್ಕೊಳ್ತು.

"ಬಾಗ್ಲು ತೆಗ್ದಿತ್ತಲ, ಅದ್ಕೆ ಬಂತು" ಅಂದ್ಲು ಅಮ್ಮ.

ನನ್ನ ತಲೇಲಿ ಬೇರೆನೇ ಲೆಕ್ಕ ಓಡ್ತಿತ್ತು. ಈ ಮೋಟರ್‌ಗಳ ಒಳಗೆ ಬಿಸಿ ಜಾಸ್ತಿ ಆದ್ರೆ ತಾನಾಗೇ ಕರೆಂಟ್ ಕಟ್ ಮಾಡೋ ಒಂದು ಸಣ್ಣ ವ್ಯವಸ್ಥೆ ಇರತ್ತೆ, ಪದೇ ಪದೇ ಒತ್ತಿದ್ರೆ ಮೋಟರ್ ಸುಟ್ಟು ಹೋಗ್ಬಾರ್ದು ಅಂತ, ತಣ್ಣಗಾದ ಮೇಲೆ ಮತ್ತೆ ಓಡತ್ತೆ. ಘಾಟೀಲಿ ಇಬ್ರೂ ಹತ್ತಾರು ಸಲ ಒತ್ತಿದ್ವಿ, ಬಿಸಿಯಾಗಿ ನಿಂತಿದೆ, ಹೆಬ್ರಿಗೆ ಬರೋದ್ರೊಳಗೆ ತಣ್ಣಗಾಗಿದೆ, ಮೋಟರ್ ವೀಕ್ ಅಂತ ಗ್ಯಾರೇಜಲ್ಲಿ ಹೇಳಿದ್ದೂ ಇದೇ, ಎಲ್ಲಾ ಕೂಡಿ ಬಂತು ಅಂದ್ಕೊಂಡೆ. ಓದಿ ತಿಳ್ಕೊಂಡಿದ್ದು ಒಂದು ಇತ್ತಲ್ಲ, ಅದಕ್ಕೆ ಹೊಂದೋ ಹಾಗೆ ಕಂಡಿದ್ದನ್ನೆಲ್ಲ ಜೋಡಿಸ್ಬಿಟ್ಟೆ. ನಿಜವಾಗಿ ನೋಡಿದ್ರೆ ಘಾಟೀಲಿ ಮೋಟರ್ ಒಂದು ಕ್ಷಣನೂ ತಿರುಗಿರ್ಲಿಲ್ಲ, ತಿರುಗದೇ ಇರೋ, ಕರೆಂಟೇ ಬರದೇ ಇರೋ ಮೋಟರ್ ಬಿಸಿ ಆಗೋದು ಎಲ್ಲಿಂದ.

ಮಾರನೇ ಭಾನುವಾರ ಊರಲ್ಲೇ ಬಾಗಿಲು ಬಿಚ್ಚೋಣ ಅಂತ ಕೂತೆ. ಕಾರು ನಿಲ್ಲಿಸೋದು ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ, ತಗಡಿನ ಮೇಲೆ ಮಳೆ ಸದ್ದಲ್ಲಿ ಪಕ್ಕದವರು ಮಾತಾಡಿದ್ರೂ ಕೇಳಲ್ಲ. ಬಿಚ್ಚೋ ಮುಂಚೆ ಒಂದು ಕೆಲಸ ಮಾಡಿದೆ, ಯಾರಾದ್ರೂ ಇದೇ ತೊಂದರೆಯಲ್ಲಿದ್ರೆ ಮೊದ್ಲು ಇದನ್ನ ಮಾಡಿ, ಒಂದು ರೂಪಾಯಿ ಖರ್ಚಿಲ್ಲ. ಬಾಗಿಲು ಹಾಕ್ಕೊಂಡು ಒಳಗೆ ಕೂತು, ರೂಫ್ ಲೈಟ್ ಹಾಕಿ, ಸ್ವಿಚ್ ಒತ್ತಿ ಲೈಟನ್ನೇ ನೋಡ್ತಾ ಇರಿ. ಒತ್ತಿದಾಗ ಲೈಟ್ ಸ್ವಲ್ಪ ಮಂಕಾದ್ರೆ ಮೋಟರ್ ತನಕ ಕರೆಂಟ್ ಹೋಗ್ತಿದೆ ಅಂತ, ಆದ್ರೆ ಮೋಟರೋ ಮೆಷಿನ್ನೋ ಹಿಡ್ಕೊಂಡಿದೆ. ಲೈಟ್ ಅಲ್ಲಾಡದೇ ಇದ್ರೆ ಕರೆಂಟೇ ಹೋಗ್ತಿಲ್ಲ, ಅಥವಾ ಮೋಟರ್ ಒಳಗಿನ ಕಾರ್ಬನ್ ಸವೆದು ಹೋಗಿದೆ. ಮೋಟರ್ ಗುಯ್ಯ್ ಅಂತಿದ್ದು ಗ್ಲಾಸು ಅಲ್ಲಾಡ್ತಿಲ್ಲ ಅಂದ್ರೆ ಕೇಬಲ್ ತುಂಡಾಗಿದೆ ಇಲ್ಲ ಗೇರ್ ಹಲ್ಲು ಹೋಗಿದೆ. ನಿಧಾನ ಆಗ್ತಿದ್ರೆ ಬೀಡಿಂಗ್ ಕಡೆ ನೋಡ್ಬೇಕು. ನಮ್ಮದ್ರಲ್ಲಿ ಲೈಟ್ ಒಂಚೂರೂ ಮಂಕಾಗ್ಲಿಲ್ಲ, ಸದ್ದೂ ಇಲ್ಲ. ಫ್ಯೂಸ್ ತೆಗ್ದು ನೋಡಿದೆ, ಸರಿ ಇತ್ತು, ಇಲ್ಲದಿದ್ರೆ ಡ್ರೈವರ್ ಗ್ಲಾಸೂ ಓಡ್ತಿರ್ಲಿಲ್ಲ.

ಡೋರ್ ಪ್ಯಾಡ್, ಅಂದ್ರೆ ಬಾಗಿಲ ಒಳಗಡೆ ಹೊದಿಕೆ, ಬಿಚ್ಚೋದು ಕಷ್ಟದ ಕೆಲಸ ಅಲ್ಲ, ಅವಸರ ಮಾಡ್ಬಾರ್ದು ಅಷ್ಟೇ. ಹಿಡಿಕೆ ಒಳಗೊಂದು ಸ್ಕ್ರೂ, ಲಾಕ್ ಹಿಡಿ ಹಿಂದೊಂದು, ಕನ್ನಡಿ ಹತ್ರದ ತ್ರಿಕೋನದ ಪ್ಲಾಸ್ಟಿಕ್ಕು, ಆಮೇಲೆ ಸುತ್ತ ಕ್ಲಿಪ್ಪು. ಹಳೇ ಕ್ಲಿಪ್ಪು ಗಟ್ಟಿಯಾಗಿರತ್ತೆ, ಎರಡು ಮುರಿದೇ ಹೋದ್ವು. ಪ್ಯಾಡ್ ಹಿಂದೆ ಕಪ್ಪು ಅಂಟು ಹಚ್ಚಿ ಕೂರ್ಸಿದ ಪ್ಲಾಸ್ಟಿಕ್ ಹಾಳೆ ಇರತ್ತೆ, ನಮ್ಮದನ್ನ ಯಾವಾಗ್ಲೋ ಸ್ಪೀಕರ್ ಹಾಕಿದವರು ಬ್ಲೇಡಲ್ಲಿ ಸೀಳಿ ಹಾಗೇ ಬಿಟ್ಟಿದ್ರು. ಕಾರಿನ ಬಾಗಿಲೊಳಗೆ ನೀರು ಹೋಗಲ್ಲ ಅಂತ ಬಹಳ ಜನ ತಿಳ್ಕೊಂಡಿದಾರೆ. ಹೋಗತ್ತೆ, ಗ್ಲಾಸಿನ ಮೇಲೆ ಇಳಿಯೋ ಮಳೆನೀರು ಬೀಡಿಂಗ್ ಪಕ್ಕದಿಂದ ಒಳಗೆ ಹೋಗಿ ಬಾಗಿಲ ತಳದ ತೂತಿಂದ ಹೊರಗೆ ಹೋಗೋ ಹಾಗೆಯೇ ಮಾಡಿರೋದು, ಆ ನೀರು ಪ್ಯಾಡ್ ಕಡೆಗೂ ಕಾಲ ಕೆಳಗೂ ಬರದ ಹಾಗೆ ಈ ಹಾಳೆ ತಡೀಬೇಕು. ನಮ್ಮ ಬಾಗಿಲ ತಳದ ತೂತುಗಳು ಕೆಂಪು ಮಣ್ಣು, ಕೊಳೆತ ಎಲೆ ತುಂಬಿ ಮುಚ್ಚಿ ಹೋಗಿದ್ವು. ಹಿಡಿಕಡ್ಡಿ ತಗೊಂಡು ಚುಚ್ಚಿದ್ರೆ ಒಂದು ಚೊಂಬಿನಷ್ಟು ಕಂದು ನೀರು ಸುರೀತು. ಮಲೆನಾಡಲ್ಲಿ ಕಾರು ಇಟ್ಕೊಂಡವರು ಮೃಗಶಿರಾ ಮಳೆ ಬರೋ ಮುಂಚೆ ನಾಲ್ಕೂ ಬಾಗಿಲ ತಳ ಒಂದ್ಸಲ ಚುಚ್ಚಿ ನೋಡ್ಬೇಕು, ಬಾಗಿಲು ತುಕ್ಕು ಹಿಡಿಯೋಕೆ ಶುರು ಆಗೋದೇ ಅಲ್ಲಿಂದ.

ಸರಿ, ಹಾಳೆ ಸರಿಸಿ, ಸ್ವಿಚ್ ಒತ್ತಿದೆ. ಗ್ಲಾಸು ಇಳೀತು. ಮತ್ತೆ ಒತ್ತಿದೆ, ಏರ್ತು. ಹತ್ತು ಸಲ ಒತ್ತಿದೆ, ಹತ್ತು ಸಲವೂ ಸರಿ. ಬೀಡಿಂಗ್ ಒರೆಸಿ ಸಿಲಿಕಾನ್ ಸ್ಪ್ರೇ ಹೊಡ್ದೆ, ಅಲ್ಲಿಗೆ ಗ್ರೀಸು, ಎಣ್ಣೆ ಹಚ್ಚಬಾರ್ದು, ರಬ್ಬರ್ ಉಬ್ಬತ್ತೆ, ಧೂಳೂ ಹಿಡ್ಕೊಳತ್ತೆ. ವೈರು ಸಿಕ್ಕಿಸೋ ಕಪ್ಲರ್ ಬಿಚ್ಚಿ ಒರೆಸಿ ಹಾಕಿದೆ. ಕಪ್ಲರ್ ಲೂಸ್ ಆಗಿತ್ತು, ಅಷ್ಟೇ, ಸರಿಯಾಯ್ತು ಅಂತ ಖುಷಿಯಾಗಿ ಪ್ಯಾಡ್ ಹಾಕಿ, ಬಾಗಿಲು ಹಾಕ್ಕೊಂಡು, ಒಳಗೆ ಕೂತು ಒತ್ತಿದ್ರೆ ಇಲ್ಲ. ಮತ್ತೆ ಬಿಚ್ಚಿದೆ, ಸರಿ ಇತ್ತು. ಹಾಕಿದೆ, ಇಲ್ಲ. ಎರಡನೇ ಸಲ ಬಿಚ್ಚಿದಾಗ ಇನ್ವರ್ಟರ್ ಬ್ಯಾಟರಿಯಿಂದ ಎರಡು ವೈರು ಎಳ್ಕೊಂಡು ಬಂದು ಮೋಟರಿಗೇ ನೇರ ಕೊಟ್ಟೆ, ಗ್ಲಾಸು ಹೊಸ ಕಾರಿನ ಹಾಗೆ ಏರ್ತು, ವೈರು ತಿರುಗಿಸಿ ಕೊಟ್ರೆ ಅಷ್ಟೇ ಚೆನ್ನಾಗಿ ಇಳೀತು. ಮೋಟರಿಗೆ ಏನೂ ಆಗಿಲ್ಲ ಅನ್ನೋದು ಆವಾಗ ಗಟ್ಟಿಯಾಯ್ತು.

ಅಮ್ಮ ಟೀ ತಂದ್ಲು. ಶೆಡ್ಡಿನ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ನೋಡಿದ್ಲು. "ನೀ ಬಾಗ್ಲು ತೆಗ್ದಿಟ್ಕೊಂಡೇ ನೋಡ್ತೀಯಲ ಮಗಾ, ಹಾಕ್ಕೊಂಡು ನೋಡು ಅಂತ ಅವತ್ತಿಂದ ಹೇಳ್ತಿದೀನಿ" ಅಂದ್ಲು.

ಲೋಟ ಕೈಯಲ್ಲಿ ಹಿಡ್ಕೊಂಡು ಹಾಗೇ ನಿಂತೆ. ಮೇ ತಿಂಗಳಲ್ಲಿ ಹೇಳಿದ್ದು, ಹೆಬ್ರಿಯಲ್ಲಿ ಹೇಳಿದ್ದು, ಈಗ ಹೇಳಿದ್ದು, ಮೂರು ಸಲವೂ ಒಂದೇ ಮಾತು. ಇದಕ್ಕಿಂತ ಸ್ಪಷ್ಟವಾಗಿ ಯಾವ ಎಲೆಕ್ಟ್ರಿಷಿಯನ್ನೂ ಹೇಳಕ್ಕಾಗ್ತಿರ್ಲಿಲ್ಲ, ಹದಿನೇಳು ವರ್ಷ ಆ ಬಾಗಿಲ ಪಕ್ಕ ಕೂತವಳು ಅವಳು, ಅದರ ಪ್ರತಿ ಸದ್ದು ಅವಳಿಗೆ ಗೊತ್ತು. ಗ್ಯಾರೇಜಲ್ಲೂ ಬಾಗಿಲು ತೆಗ್ದಿಟ್ಕೊಂಡೇ ನೋಡಿದ್ದು, ನಾನೂ ಅಷ್ಟೇ, ಬಾಗಿಲು ರಿಪೇರಿ ಮಾಡೋರು ಬಾಗಿಲು ತೆಗ್ದೇ ಮಾಡ್ತಾರಲ್ಲ. ನಾಲ್ಕೂವರೆ ಸಾವಿರ ಕೊಟ್ಟು ಹೊಸ ಮೋಟರ್ ಹಾಕ್ಸಿದ್ರೂ ಬಾಗಿಲು ತೆಗ್ದು ತೋರ್ಸೋವಾಗ ಚೆನ್ನಾಗೇ ಓಡ್ತಿತ್ತು, ಮನೆಗೆ ಬರೋ ದಾರೀಲಿ ನಿಂತು ಹೋಗ್ತಿತ್ತು.

ಪ್ಯಾಡ್ ಹಾಕದೆ ಹಾಗೇ ಬಾಗಿಲು ಎಳ್ಕೊಂಡು ಒಳಗೆ ಕೂತೆ. ಸ್ವಿಚ್ಚಿಗೆ ಬರೋ ಪ್ಲಸ್ ವೈರಿಗೆ ಮಲ್ಟಿಮೀಟರ್ ಹಿಡಿದ್ರೆ 12.4 ವೋಲ್ಟ್ ತೋರಿಸ್ತು. ಇಲ್ಲೇ ಬಹಳ ಜನ ದಾರಿ ತಪ್ಪೋದು, ಕರೆಂಟ್ ಬರ್ತಿದೆಯಲ್ಲ ಅಂತ ಮತ್ತೆ ಮೋಟರ್ ಮೇಲೆ ಅನುಮಾನ ಪಡ್ತಾರೆ. ಮೀಟರ್ ಹಾಗೇ ಇಟ್ಕೊಂಡು ಸ್ವಿಚ್ ಒತ್ತಬೇಕು. ಒತ್ತಿದ ಕೂಡ್ಲೇ 12.4 ಇದ್ದಿದ್ದು 1ರ ಹತ್ರ ಬಿತ್ತು. ನಮ್ಮನೆಗೆ ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಲ್ಲಿ ನೀರು ಬರತ್ತೆ, ಪೈಪೊಳಗೆ ಎಲೆ ಸಿಕ್ಕಿಕೊಂಡಾಗ ನಲ್ಲಿ ಮುಚ್ಚಿದ್ರೆ ಪೈಪು ತುಂಬಿ ಬಿಗಿಯಾಗೇ ಇರತ್ತೆ, ಎಲ್ಲಾ ಸರಿ ಅನ್ಸತ್ತೆ, ನಲ್ಲಿ ತಿರುಗಿಸಿದ್ರೆ ಎರಡು ಹನಿ ಬಿದ್ದು ನಿಲ್ಲತ್ತೆ. ಇದೂ ಹಾಗೇ. ಮೀಟರ್ ಕೇಳೋದು ಎರಡೇ ಹನಿ, ಮೋಟರ್ ಕೇಳೋದು ಕೊಡ ತುಂಬ. ಮೀಟರಿಗೆ ಸಾಕಾಗೋಷ್ಟು ಕರೆಂಟು ಮುರಿದ ವೈರಿನ ತುದಿ ತುದಿ ತಾಗಿದ್ರೂ ಬರತ್ತೆ. ಅದಕ್ಕೇ ಹಳೇ ಎಲೆಕ್ಟ್ರಿಷಿಯನ್‌ಗಳು ಇವತ್ತಿಗೂ ಮೀಟರಿಗಿಂತ ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪನ್ನೇ ಜಾಸ್ತಿ ನಂಬೋದು, ಬಲ್ಬ್ ಉರೀಬೇಕು ಅಂದ್ರೆ ವೈರು ಒಂಚೂರಾದ್ರೂ ಕರೆಂಟು ಹೊರಲೇಬೇಕು.

ಟೆಸ್ಟ್ ಲ್ಯಾಂಪ್ ಸಿಕ್ಕಿಸಿ ಬಾಗಿಲನ್ನ ನಿಧಾನ ತೆಗ್ಯೋಕೆ ಶುರು ಮಾಡಿದೆ. ಒಂದು ಗೇಣು ತೆಗ್ದಾಗ ಬಲ್ಬ್ ಮಿಣುಕು, ಎರಡು ಗೇಣಿಗೆ ಪೂರ್ತಿ ಬೆಳಕು. ಮತ್ತೆ ಹಾಕಿದೆ, ಆರಿತು. ಬಾಗಿಲು ಮತ್ತು ಕಾರಿನ ಮಧ್ಯೆ, ಹಿಂಜಿನ ಪಕ್ಕ, ಸುಕ್ಕು ಸುಕ್ಕಾದ ರಬ್ಬರ್ ಪೈಪ್ ಇರತ್ತಲ್ಲ, ಬಾಗಿಲಿಗೆ ಹೋಗೋ ಎಲ್ಲಾ ವೈರೂ ಅದರೊಳಗಿಂದ್ಲೇ ಹೋಗೋದು. ಅದರ ಎರಡೂ ತುದಿ ಬಿಡಿಸಿ ಹಿಂದಕ್ಕೆ ಸರಿಸ್ದೆ. ಕೆಳಗಡೆ ಸುಕ್ಕಿನಲ್ಲಿ ಉಗುರಿನಷ್ಟು ಸೀಳಿತ್ತು, ಒಳಗೆ ನೀರಿನ ಪಸೆ.

ಮೊದ್ಲು ಕಂಡಿದ್ದು ಬಣ್ಣ. ಒಂದು ವೈರು ಪೂರ್ತಿ ತುಂಡಾಗಿ ಎರಡು ತುದಿಯೂ ಕಿಲುಬು ಹಿಡ್ದಿತ್ತು, ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣ, ಬೆರಳಿಗೆ ಪುಡಿ ಪುಡಿಯಾಗಿ ಅಂಟಿತು. ಅಡಿಕೆ ತೋಟ ಇರೋರಿಗೆ ಈ ಬಣ್ಣ ಹೇಳಿಕೊಡ್ಬೇಕಾಗಿಲ್ಲ. ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯೋಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕಿ ಕಲಸ್ತೀವಲ್ಲ, ಸುಣ್ಣ ಸಾಕಾಗಿದೆಯಾ ಅಂತ ಅಪ್ಪ ಕತ್ತಿ ಅಲಗು ಅದ್ದಿ ನೋಡ್ತಿದ್ರು, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತ್ರೆ ಇನ್ನೊಂದಿಷ್ಟು ಸುಣ್ಣ ಬೇಕು ಅಂತ. ಡ್ರಮ್ಮಿನ ಅಂಚಲ್ಲಿ, ಅಪ್ಪನ ಅಂಗಿ ತೋಳಲ್ಲಿ, ಔಷಧಿ ಹೊಡೆಯೋರ ಕೈಯಲ್ಲಿ ಮಳೆಗಾಲ ಪೂರ್ತಿ ಇರ್ತಿದ್ದ ಬಣ್ಣ ಈಗ ಅಪ್ಪನ ಕಾರಿನ ವೈರಲ್ಲಿ. ತಾಮ್ರಕ್ಕೆ ನೀರು, ಗಾಳಿ ಸೇರಿ ವರ್ಷಗಟ್ಟಲೆ ಕೂತ್ರೆ ಅದು ಕೊನೆಗೆ ಅದೇ ಬಣ್ಣದ ಬಂಧುಗಳ ಕಡೆಗೇ ಹೋಗತ್ತೆ.

ಎರಡನೇ ವೈರು ಹೊರಗಿಂದ ನೋಡೋಕೆ ಚೆನ್ನಾಗೇ ಇತ್ತು. ಒಂದೊಂದೇ ವೈರು ಎರಡು ಬೆರಳಲ್ಲಿ ಹಿಡ್ದು ಮೆಲ್ಲಗೆ ಎಳೆದು ನೋಡ್ತಾ ಬಂದೆ, ಒಳಗೆ ತಾಮ್ರ ಇರೋ ವೈರು ಎಳೆದ್ರೆ ಬಿಗಿಯಾಗಿ ನಿಲ್ಲತ್ತೆ, ಇದು ರಬ್ಬರ್ ಬ್ಯಾಂಡಿನ ಹಾಗೆ ಉದ್ದ ಆಯ್ತು. ಸಿಪ್ಪೆ ಮಾತ್ರ ಉಳಿದು ಒಳಗೆ ತಾಮ್ರ ತುಂಡಾಗಿತ್ತು. ಬಾಗಿಲು ತೆಗ್ದಾಗ ಎರಡೂ ವೈರಿನ ತುದಿಗಳು ಒತ್ತಿಕೊಂಡು ಕೂಡ್ತಿದ್ವು, ಹಾಕ್ದಾಗ ಜಾರಿ ಬರೀ ಸವರಿಕೊಂಡು ನಿಲ್ತಿದ್ವು.

ರಾತ್ರಿ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ವೈರಿನ ದಾರಿ ಬರೆದು ನೋಡ್ದಾಗ ಮೇ ತಿಂಗಳಿಂದ ಆಗಿದ್ದೆಲ್ಲಾ ಒಂದೊಂದಾಗಿ ಬಿಡಿಸ್ಕೊಳ್ತು. ಮೋಟರಿಗೆ ಇರೋದು ಎರಡೇ ವೈರು. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಅರ್ತ್ ಕೊಟ್ರೆ ಗ್ಲಾಸು ಏರತ್ತೆ, ಅದಲು ಬದಲು ಮಾಡಿದ್ರೆ ಇಳಿಯತ್ತೆ. ಯಾರೂ ಒತ್ತದೇ ಇದ್ದಾಗ ಎರಡೂ ಅರ್ತಲ್ಲೇ ಇರ್ತಾವೆ. ನಮ್ಮ ಕಾರಲ್ಲಿ, ಇನ್ನೂ ಎಷ್ಟೋ ಹಳೇ ಕಾರುಗಳಲ್ಲಿ, ಎಡಗಡೆ ಬಾಗಿಲಿಗೆ ಆ ಅರ್ತ್ ಸಿಗೋದು ಅಲ್ಲೇ ಅಲ್ಲ, ವೈರು ಡ್ರೈವರ್ ಬಾಗಿಲಿನ ಮೇನ್ ಸ್ವಿಚ್ ತನಕ ಹೋಗಿ ಅಲ್ಲಿ ಅರ್ತ್ ಆಗತ್ತೆ. ಮೊದಲು ತುಂಡಾಗಿದ್ದು ಮೇನ್ ಸ್ವಿಚ್ಚಿಂದ ಬರೋ ಏರಿಸೋ ವೈರು. ಅದಿಲ್ಲದಿದ್ರೆ ಅಮ್ಮನ ಸ್ವಿಚ್ಚಲ್ಲಿ ಗ್ಲಾಸು ಏರತ್ತೆ, ಯಾಕಂದ್ರೆ ಪ್ಲಸ್ ಅವಳ ಸ್ವಿಚ್ಚಲ್ಲೇ ಸಿಗತ್ತೆ, ವಾಪಸ್ ಹೋಗೋಕೆ ಇಳಿಸೋ ವೈರು ಇದೆ. ಇಳಿಸೋಕೆ ಹೋದ್ರೆ ವಾಪಸ್ ದಾರಿ ತುಂಡಾಗಿದೆ. ನನ್ನ ಕಡೆಯಿಂದ ಒತ್ತಿದ್ರೆ ಎರಡಕ್ಕೂ ಆ ತುಂಡಾದ ವೈರೇ ಬೇಕು, ಹಾಗಾಗಿ ಎರಡೂ ಇಲ್ಲ. ಅಕ್ಷರಶಃ ಅದೇ ಆಗಿತ್ತು. ಆಗುಂಬೆ ದಿನ ಸಿಪ್ಪೆಯೊಳಗೆ ಪ್ಲಸ್ ವೈರೂ ಹೋಗಿ ಪೂರ್ತಿ ನಿಂತಿತ್ತು. ಮೇ ತಿಂಗಳಲ್ಲೇ ಯಾವ ಸ್ವಿಚ್ಚಲ್ಲಿ ಯಾವ ಕಡೆಗೆ ಆಗತ್ತೆ, ಯಾವ ಕಡೆಗೆ ಆಗಲ್ಲ ಅಂತ ಒಂದು ಚೀಟೀಲಿ ಬರೆದಿಟ್ಟಿದ್ರೆ, ಬಾಗಿಲು ಬಿಚ್ಚದೇ ಯಾವ ವೈರು ಅಂತ ಹೇಳ್ಬಹುದಿತ್ತು.

ಮನೇಲಿ ಮನೆ ವೈರಿಂಗಿಂದು ಉಳಿದ ವೈರು ಸುರುಳಿ ಇತ್ತು, ಅದನ್ನೇ ಹಾಕೋಣ ಅಂತಿದ್ದೆ. ಆದ್ರೂ ಸೋಮವಾರ ಶಿವಮೊಗ್ಗಕ್ಕೆ ಹೋದವನು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಲ್ಲಿ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಹತ್ರ ತೋರ್ಸಿದೆ. ವಯಸ್ಸಾದವರು, ಸ್ಟೂಲಿನ ಮೇಲೆ ಕೂತು ಯಾವುದೋ ಲಾರಿ ಸೆಲ್ಫ್ ಮೋಟರ್ ಬಿಚ್ಚಿಕೊಂಡಿದ್ರು. ನನ್ನ ಕೈಲಿದ್ದ ವೈರಿನ ತುದಿ ಬಾಗಿಸಿ ನೋಡಿ, "ಇದು ಗೋಡೇಲಿ ಕೂರೋ ವೈರು ಸಾರ್, ದಿನಾ ಮಡಚೋದಲ್ಲ" ಅಂದ್ರು. ಸಣ್ಣ ಸಣ್ಣ ಎಳೆ ಜಾಸ್ತಿ ಇರೋ ಆಟೋ ವೈರು ಎರಡು ಬಣ್ಣದಲ್ಲಿ ಎರಡೆರಡು ಮೀಟರ್ ಕತ್ತರಿಸಿ ಕೊಟ್ರು.

"ಜಾಯಿಂಟ್ ಎಲ್ಲಿ ಹಾಕ್ತೀರಿ?"

"ತುಂಡಾದಲ್ಲೇ, ಭಾಯ್."

"ಬೇಡಿ. ಅಲ್ಲಿ ಹಾಕಿದ್ರೆ ಮುಂದಿನ ಮಳೆಗೆ ಮತ್ತೆ ಬರ್ತೀರಿ. ಬೆಸುಗೆ ಹಾಕಿದ ಜಾಗ ಕಡ್ಡಿ ಆಗತ್ತೆ, ಮಡಚಿದ್ರೆ ಅದರ ಪಕ್ಕದಲ್ಲೇ ಕಟ್ ಆಗತ್ತೆ. ಒಂದು ಜಾಯಿಂಟ್ ಬಾಗಿಲ ಒಳಗೆ, ಇನ್ನೊಂದು ಕಾರ್ ಒಳಗೆ. ಮಡಚೋ ಜಾಗದಲ್ಲಿ ಪೂರ್ತಿ ಹೊಸ ವೈರು ಬರ್ಬೇಕು."

ಆ ಶನಿವಾರ ರಾತ್ರಿ ಹಾಗೇ ಮಾಡಿದೆ. ಬ್ಯಾಟರಿ ಮೈನಸ್ ಬಿಚ್ಚಿಟ್ಟು, ಹಳೇ ವೈರು ಹಿಂದಕ್ಕೆ ಕತ್ತರಿಸ್ತಾ ಹೋದ್ರೆ ಮೂರು ಬೆರಳು ಒಳಗಿನ ತನಕವೂ ತಾಮ್ರ ಕರೀಗಾಗಿತ್ತು, ನೀರು ಎಳೆಗಳ ಮಧ್ಯೆ ಬತ್ತಿಯಲ್ಲಿ ಎಣ್ಣೆ ಏರೋ ಹಾಗೆ ಏರಿರತ್ತೆ. ಕರೀ ತಾಮ್ರಕ್ಕೆ ಬೆಸುಗೆ ಹಿಡಿಯಲ್ಲ, ಕೆಂಪಗೆ ಹೊಳೆಯೋ ತಾಮ್ರ ಸಿಗೋ ತನಕ ಕತ್ತರಿಸ್ಲೇಬೇಕು. ರಬ್ಬರ್ ಪೈಪಿನೊಳಗೆ ಹೊಸ ವೈರು ತೂರ್ಸೋಕೆ ಸೋಪಿನ ನೀರು, ಕೊಡೆ ಕಡ್ಡಿ ಬೇಕಾಯ್ತು, ಆಗುಂಬೇಲಿ ಮುರಿದಿದ್ದ ಅದೇ ಕೊಡೇದು. ಜಾಯಿಂಟುಗಳು ಒಂದ್ರ ಮೇಲೊಂದು ಬರದ ಹಾಗೆ ಹಿಂದೆ ಮುಂದೆ ಮಾಡಿ, ಬೆಸುಗೆ ಹಾಕಿ, ಬಿಸಿಗೆ ಬಿಗಿಯಾಗೋ ಸ್ಲೀವ್ ಹಾಕಿ, ಬಾಗಿಲು ಪೂರ್ತಿ ತೆಗ್ದಾಗ್ಲೂ ಎಳೀದ ಹಾಗೆ ಸ್ವಲ್ಪ ಸಡಿಲ ಬಿಟ್ಟೆ. ಪೈಪಿನ ಸೀಳಿಗೆ ರಬ್ಬರ್ ಸೊಲ್ಯೂಷನ್ ಹಚ್ಚಿ, ಹರಿದ ಹಾಳೆ ತೆಗ್ದು ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಕೂರ್ಸಿದೆ. ಬಾಗಿಲು ಹಾಕ್ಕೊಂಡು ಮೀಟರ್ ಹಿಡ್ದು ಸ್ವಿಚ್ ಒತ್ತಿದ್ರೆ, ಮೋಟರ್ ಓಡ್ತಾ ಇರೋವಾಗ್ಲೂ 11.8 ನಿಂತಿತ್ತು.

ಕತ್ತರಿಸಿ ತೆಗ್ದ ತುಂಡುಗಳನ್ನ ಎಸೆಯೋಕೆ ಮನಸು ಬರ್ಲಿಲ್ಲ, ಕಿಟಕಿ ಕಟ್ಟೆ ಮೇಲಿಟ್ಟು ಬಹಳ ಹೊತ್ತು ನೋಡಿದೆ. ಈ ತೊಂದರೆ ಹಳೇ ಕಾರುಗಳಲ್ಲಿ ಹೆಚ್ಚಾಗಿ ಬರೋದು ಡ್ರೈವರ್ ಬಾಗಿಲಲ್ಲಿ, ಜಾಸ್ತಿ ತೆಗೆದು ಹಾಕೋದು ಅದನ್ನೇ ತಾನೇ. ನಮ್ಮ ಕಾರಲ್ಲಿ ಡ್ರೈವರ್ ಬಾಗಿಲ ವೈರು ಪೈಪ್ ಸರಿಸಿ ನೋಡಿದೆ, ಇನ್ನೂ ಗಟ್ಟಿ ಇದೆ. ಎಡಗಡೆದೇ ಯಾಕೆ ಮೊದ್ಲು ಹೋಯ್ತು?

ರಸ್ತೆಯಿಂದ ನಮ್ಮನೆಗೆ ಬರೋ ದಾರೀಲಿ ಮೂರು ಕಡೆ ಉಣಗೋಲು ಇದೆ, ದನ ತೋಟಕ್ಕೆ ನುಗ್ಗಬಾರ್ದು ಅಂತ. ಎಡ ಬಲ ಕಲ್ಲುಕಂಬ, ತೂತಿನಲ್ಲಿ ಅಡ್ಡ ಗಳ. ಅಪ್ಪ ಡ್ರೈವಿಂಗ್, ಅಮ್ಮ ಇಳಿದು ಗಳ ಸರಿಸೋದು, ಕಾರು ದಾಟಿದ ಮೇಲೆ ಮತ್ತೆ ಗಳ ಹಾಕಿ ಬಂದು ಹತ್ತೋದು. ಒಂದು ಉಣಗೋಲಿಗೆ ಎರಡು ಸಲ ಬಾಗಿಲು, ಮೂರಕ್ಕೆ ಆರು, ಹೋಗಿ ಬಂದ್ರೆ ಹನ್ನೆರಡು. ವಾರಕ್ಕೆ ಮೂರು ಸಲ ಪೇಟೆಗೆ ಅಂತ ಹಿಡಿದ್ರೂ ಅಪ್ಪ ಇದ್ದ 13 ವರ್ಷಕ್ಕೆ 24,000 ದಾಟತ್ತೆ. ಅಪ್ಪ ಸೀಟು ಬಿಟ್ಟು ಏಳ್ತಿರ್ಲಿಲ್ಲ. ಆರಿದ್ರಾ ಮಳೆಯಲ್ಲೂ, ಇಂಬಳ ಕಾಲಿಗೆ ಹತ್ಕೊಳೋ ದಿನಗಳಲ್ಲೂ, ರಾತ್ರಿ ಮದುವೆ ಮನೆಯಿಂದ ರೇಷ್ಮೆ ಸೀರೇಲಿ ಬಂದಾಗ್ಲೂ ಅಮ್ಮನೇ ಇಳಿದಿದ್ದು. ಹಿಂದಿನ ಸೀಟಲ್ಲಿ ಕಾಲೇಜು ಓದ್ತಿದ್ದ ನಾನು ಕೂತಿರ್ತಿದ್ದೆ. ಇಳೀಬೇಕು ಅಂತ ನಂಗೆ ಒಂದು ದಿನವೂ ಹೊಳೆದಿರ್ಲಿಲ್ಲ. ತಾಮ್ರದ ಎಳೆ ಒಂದೊಂದೇ ಮುರಿಯೋದು ಹೀಗೇ, ಒಂದೇ ಜಾಗದಲ್ಲಿ, ಪ್ರತಿ ಸಲ ಬಾಗಿಲು ತೆಗ್ದು ಹಾಕ್ದಾಗ ಒಂಚೂರು.

ಮುಂದಿನ ತಿಂಗಳು ಮತ್ತೆ ಮಣಿಪಾಲಕ್ಕೆ ಹೋಗೋದಿತ್ತು. ಬೆಳಗ್ಗೆ ಆರಕ್ಕೆ ಹೊರಟ್ವಿ, ಹನಿ ಹನಿ ಮಳೆ. ಮೊದಲನೇ ಉಣಗೋಲ ಹತ್ರ ಕಾರು ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ ನಾನು ಇಳಿದೆ. ಅಮ್ಮ ಅಷ್ಟೊತ್ತಿಗೆ ಬಾಗಿಲ ಹಿಡಿಗೆ ಕೈ ಹಾಕಿ ಆಗಿತ್ತು, ನಾನು ಮುಂದೆ ಹೋಗೋದು ನೋಡಿ ತಡೆದ್ಲು. ಗಳ ನೆಂದು ಉಬ್ಬಿ ಕಂಬದ ತೂತಲ್ಲಿ ಬಿಗಿಯಾಗಿ ಕೂತಿತ್ತು, ಎಷ್ಟು ಎಳೆದ್ರೂ ಬರ್ತಿಲ್ಲ. ಹಿಂದಿಂದ ಮೋಟರ್ ಸದ್ದು ಕೇಳ್ತು, ಗ್ಲಾಸು ಪೂರ್ತಿ ಇಳೀತು, ಅಮ್ಮ ತಲೆ ಹೊರಗೆ ಹಾಕಿದ್ಲು.

"ಎಳೀಬ್ಯಾಡ ಮಾರಾಯ, ಒಂಚೂರು ಎತ್ತಿ ತಿರುಗ್ಸು. ಮೇಲಿಂದು ಮೊದ್ಲು."

ಎತ್ತಿ ತಿರುಗ್ಸಿದೆ, ಬಂತು. ಅಮ್ಮ ಗ್ಲಾಸು ಏರಿಸ್ಕೊಂಡ್ಲು.